ಐದು ಹೊಗೆಗೂಡಿನ ಬಂಗಲೆ

ಹಳೇ ಬಂಗಲೆ ಕಾಯುವವರಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ನಕ್ಕು ನಕ್ಕು ನನಗಂತೂ ಸಾಕಾಗಿಹೋಗಿದೆ. ಊಟಿ ಹತ್ತಿರ ಇಂಗ್ಲಿಷ್ ದೊರೆ ಕಾಲದ ಬಂಗಲೆಯೊಂದಕ್ಕೆ ಅಪ್ಪ ವಾಚ್‌ಮನ್. ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟ ನಾನು ಬಂದವರಿಗೆ ಮನೆ ತೋರಿಸುವವನು. ಅಜ್ಜಿಯೂ ಸೇರಿ ನಮ್ಮ ವಾಸ ಬಂಗಲೆ ಹಿಂದಿನ ಅಡುಗೆಮನೆಯಲ್ಲಿ. ಇದನ್ನು ಕೆಡವಿ ಹೋಟೆಲು ಕಟ್ಟಬೇಕೆಂದು ಓನರ್ ಕುಣಿಯುತ್ತಿದ್ದಾರೆ. ಕೆಡವಿದರೆ ನಾವು ಬೀದಿಗೆ.

೧. ಹೊಗೆಗೂಡು

"ಒಂದು ಮನೆಗೆ ಐದು ಹೊಗೆಗೂಡು ಯಾಕಪ್ಪಾ?" ಎಂದರು ಒಬ್ಬ ಅಮ್ಮ. ಆ ದಿನ ಅದನ್ನು ಕೇಳಿದ ಹತ್ತನೆಯವರು.

"ದೊರೆಗೆ ಐದು ಹೆಂಡಿರು. ಒಬ್ಬೊಬ್ಬರಿಗೆ ಒಂದೊಂದು ಒಲೆ."

ಅವರು ಬರೆದುಕೊಂಡರು. ಅಪ್ಪ ಗದರಿದರು: "ಲೇ, ಚಳಿಗೆ ಅಂತ ನಿಜ ಹೇಳೋಕೇನು?"

"ಚಳಿ ಬೇಕೂಂತ ಬಂದವರಪ್ಪಾ. ಓಡಿಸೋಕೆ ಒಲೆ ಹಾಕಿದ್ರು ಅಂದ್ರೆ ನಂಬ್ತಾರಾ?"

೨. ಜಗಲಿ

ಒಬ್ಬರು ಮೇಷ್ಟ್ರು ಮಕ್ಕಳನ್ನು ಕರೆತಂದಿದ್ದರು. ನಾನು ಶುರುಮಾಡಿದೆ: "ದೊರೆ ಬಯಲುಸೀಮೆ ಮನೆ ನೋಡಿ, ಬಿಸಿಲು ಬೀಳದ ಹಾಗೆ ಸುತ್ತ ಜಗಲಿ ಕಟ್ಟಿಸಿದ. ಇಲ್ಲಿ ಮಂಜು. ನಡುಗಿಹೋಗಿ, ಇರೋ ಬಿಸಿಲಾದ್ರೂ ನಿಲ್ಲಲಿ ಅಂತ ಜಗಲಿಗೆಲ್ಲ ಗಾಜು ಹಾಕಿಸಿದ."

"ಓದು ಹತ್ತಲಿಲ್ಲ ಅಂತೀಯ. ಇಷ್ಟೆಲ್ಲ ಹೇಗೋ ಗೊತ್ತು?"

"ಅಷ್ಟೂ ಗಾಜು ಒರೆಸೋನು ನಾನೇ ಸಾರ್."

೩. ಹಿಂಬಾಗಿಲು

ಕೊನೆಗೆ ಬಂಗಲೆ ಉಳಿಸಬೇಕೋ ಬೇಡವೋ ಎಂದು ನೋಡಲು ಸರ್ಕಾರದ ಆಫೀಸರ್ ಬಂದರು. ದೊರೆ ಕಾಲದ್ದು ಉಳಿದಿದ್ದರೆ ಮಾತ್ರ ಕೆಡವುವ ಹಾಗಿಲ್ಲ. ಓನರ್ ಮೊದಲೇ ಹಳೆಯದು ಕಾಣದ ಹಾಗೆ ಟೈಲ್ಸ್, ಹೊಸ ಸೀಲಿಂಗ್ ಹಾಕಿಸಿದ್ದರು. "ಇದು ಹೊಸದು, ಇದೂ ಹೊಸದು," ಎನ್ನುತ್ತ ಆಫೀಸರ್ ನಡೆದರು. ಅಪ್ಪನ ಮುಖ ಬಾಡಿತು.

ಉಳಿದದ್ದು ಅಡುಗೆಮನೆ. ಅದನ್ನು ಕಟ್ಟಿದವರು ನಮ್ಮ ಹಟ್ಟಿಯವರು. ಹಟ್ಟಿಯ ಮನೆಗಳಂತೆ ಬಗ್ಗಿಯೇ ಒಳಗೆ ಬರಬೇಕಾದ ಗಿಡ್ಡ ಬಾಗಿಲು. ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡೆ.

ಠಣ್!

ಹಣೆ ಹಿಡಿದು ಬಗ್ಗಿ ಬಂದ ಆಫೀಸರನ್ನು ಒಲೆ ಮುಂದೆ ಕೂತಿದ್ದ ಅಜ್ಜಿ ನೋಡಿದಳು. ನಮ್ಮಲ್ಲಿ ಹಿರಿಯರ ಮುಂದೆ ತಲೆ ಬಗ್ಗಿಸಿದರೆ ಹರಸಲೇಬೇಕು. ತಲೆ ಮೇಲೆ ಕೈಯಿಟ್ಟು, "ನೂರು ವರ್ಷ ಬದುಕು ಮಗಾ," ಎಂದಳು.

"ಅಜ್ಜೀ, ಈ ಬಾಗಿಲು ಯಾರು ಮಾಡಿದ್ದು?"

"ನನ್ನ ಮಾವನ ಅಜ್ಜ. ಎತ್ತರ ಮಾಡು ಅಂದನಂತೆ ದೊರೆ. ನೀನು ಬಗ್ಗು ಅಂದನಂತೆ ಇವನು."

ಆಫೀಸರ್ ಚೌಕಟ್ಟು ಸವರಿ, ಗೋಡೆ ಕೆರೆದು ನೋಡಿದರು. "ಇದು ಅಸಲಿ! ಕೆಡವೋ ಹಾಗಿಲ್ಲ."

"ಸಾರ್, ಮುದುಕಿ ಮಾತು ನಂಬಬೇಡಿ!" ಓನರ್ ನುಗ್ಗಿದರು. ಠಣ್!

ಅವರೂ ಬಗ್ಗಿ ನಿಂತರು. ಅಜ್ಜಿ ಆ ತಲೆಯ ಮೇಲೂ ಕೈಯಿಟ್ಟಳು: "ಮನೆ ಉಳಿಸೋಕೆ ಬಂದ್ಯಾ? ನೀನೂ ಬದುಕು ಮಗಾ."