ಗಾಜಿನ ಸೀಸೆ ಕೇಳದವಳು

ಒಂದು ಗಾಜಿನ ಸೀಸೆ ಕೇಳುವುದಕ್ಕೂ ನಾಚುವವಳಿಂದ ಲೋಕಕ್ಕೆ ಏನು ಉಪಕಾರವಾದೀತು? ಪ್ರಯೋಗಾಲಯದ ಮೆಟ್ಟಿಲು ಹತ್ತುತ್ತ ಹೊಸ ಹುಡುಗಿ ತನ್ನನ್ನೇ ಕೇಳಿಕೊಂಡಳು. ನಿನ್ನೆ ಸೀಸೆ ಒಂದು ಕಡಿಮೆ ಬಿದ್ದಿತ್ತು. ಸ್ಟೋರಿನವರ ಗಂಟುಮೋರೆಗೆ ಹೆದರಿ, ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಸ್ಯಾಂಪಲ್ಲನ್ನು ಪ್ಲಾಸ್ಟಿಕ್ ಕೊಳವೆಗೆ ಸುರಿದಿದ್ದಳು. ಕ್ಲೋರೋಫಾರ್ಮ್ ಪ್ಲಾಸ್ಟಿಕ್ಕನ್ನೇ ಕರಗಿಸಿ ನೆಕ್ಕುತ್ತದೆಂದು ನೆನಪಾದದ್ದು ಮನೆ ಸೇರಿದ ಮೇಲೆ.

ಅವಳ ಕೆಲಸ ಕಾಯಂ ಆಗುವುದೋ ಇಲ್ಲವೋ, ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳುವುದು ಇವತ್ತೇ ಸಂಜೆ. ಮೇಡಂ ಎಂದರೆ ಅವಳಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಊರೆಲ್ಲ ಕೊಬ್ಬನ್ನು ಬೈಯುವಾಗ, ಮಿದುಳಿನ ಪ್ರತಿ ಕೋಶಕ್ಕೂ ಕೊಬ್ಬಿನ ಪೊರೆಯೇ ಹೊದಿಕೆ, ಅದರಲ್ಲಿ ಕೆಲವು ಕೊಬ್ಬುಗಳು ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಯನ್ನು ಬಾಗಿಲಲ್ಲೇ ತಡೆಯುತ್ತಿರಬಹುದು ಎಂದು ನಂಬಿ, ಆ ಕಾವಲುಗಾರರನ್ನು ಹುಡುಕುತ್ತ ತಲೆ ನರೆಸಿಕೊಂಡವರು.

ಸ್ಯಾಂಪಲ್ಲಿನಲ್ಲಿರುವ ಕೊಬ್ಬುಗಳನ್ನು ಗುರುತಿಸುವ ಯಂತ್ರದ ಕೋಣೆಯಲ್ಲಿ ಜಾತ್ರೆ ನೆರೆದಿತ್ತು. ನಿನ್ನೆಯ ಸ್ಯಾಂಪಲ್ಲಿಗೆ ಅದು ಬರೆದುಕೊಟ್ಟ ನಕ್ಷೆಯಲ್ಲಿ ಗಿಡ್ಡರ ನಡುವೆ ಮದುಮಗನಂತೆ ಹೊಸ ಗೆರೆಯೊಂದು ಸೆಟೆದು ನಿಂತಿತ್ತು. ಹೊಸ ಕೊಬ್ಬೇ ಸಿಕ್ಕಿತೆಂದು ಎಲ್ಲರೂ ಕುಣಿಯುತ್ತಿದ್ದರು.

"ಅದು..." ಎಂದಳು ಹುಡುಗಿ.

"ನೀನು ಸುಮ್ನಿರಮ್ಮ, ದೊಡ್ಡೋರು ಮಾತಾಡ್ತಿದೀವಿ" ಎಂದ ಹಿರಿಯ ಸಂಶೋಧಕ. ಬೆನ್ನ ಹಿಂದೆ ಅವನ ಹೆಸರು ಜಂಭಣ್ಣ.

ಮಧ್ಯಾಹ್ನದ ಹೊತ್ತಿಗೆ ಗೆದ್ದೆತ್ತಿನ ಬಾಲ ಹಿಡಿಯಲು ಸಾಲೇ ನಿಂತಿತು. ಸ್ಯಾಂಪಲ್ ತನ್ನದೆಂದ ಜಂಭಣ್ಣ. ತನ್ನ ಕೈಗುಣವಿಲ್ಲದೆ ಯಂತ್ರ ಹೀಗೆ ಮಾತು ಕೇಳುತ್ತಿತ್ತೇ ಎಂದ ಆಪರೇಟರ್. ಸ್ಟೋರಿನವರಂತೂ ಕ್ಲೋರೋಫಾರ್ಮ್ ಕೊಟ್ಟ ಕೈಯನ್ನು ಎಲ್ಲರಿಗೂ ತೋರಿಸುತ್ತ ತಿರುಗಿದರು. ಹುಡುಗಿ ಮತ್ತೆ ಬಾಯಿ ತೆರೆದಾಗ ಅದರೊಳಗೆ ಸಿಹಿ ತುರುಕಿದರು. ಇನ್ನೊಮ್ಮೆ ತೆರೆದಾಗ ಟೀ ತರಲು ಅಟ್ಟಿದರು.

ಸಂಜೆ ಮೇಡಂ ಬಂದರು. ಕನ್ನಡಕ ಏರಿಸಿ ನಕ್ಷೆಯನ್ನು ಒಮ್ಮೆ ನೋಡಿದರು, ಅಷ್ಟೇ.

"ಅಪ್ಪಟ ಪ್ಲಾಸ್ಟಿಕ್. ಯಾರದ್ದಪ್ಪ ಈ ಸ್ಯಾಂಪಲ್?"

ಮರೆವಿನ ಕಾಯಿಲೆ ಇಡೀ ಕೋಣೆಗೆ ಒಟ್ಟಿಗೇ ತಗುಲಿತು. ನಿನ್ನೆ ತಾನು ರಜೆಯಲ್ಲಿದ್ದೆ ಎಂಬುದೊಂದು ಮಾತ್ರ ಜಂಭಣ್ಣನಿಗೆ ಚೆನ್ನಾಗಿ ನೆನಪಿತ್ತು. ಸ್ಟೋರಿನವರು ಕೈಯನ್ನು ಜೇಬಿಗೆ ಇಳಿಸಿದರು.

"ಯಾರದ್ದೂ ಅಲ್ವಾ? ಹಾಗಾದ್ರೆ ಕೊಳವೆ ತಾನೇ ನಡ್ಕೊಂಡು ಬಂದಿರ್ಬೇಕು" ಎಂದು ಮೇಡಂ ನಕ್ಕು ನಕ್ಷೆಯನ್ನು ಕಸದ ಬುಟ್ಟಿಗೆ ಹಾಕಿದರು. ಅಲ್ಲಿಗೆ ವಿಷಯ ಮುಗಿಯಿತು. ಹುಡುಗಿಯ ಎದೆಯ ಭಾರ ಇಳಿಯಿತು.

ಆಗ ಮೇಡಂ ಅವಳ ಕಡೆ ತಿರುಗಿ ಹೆಗಲ ಮೇಲೆ ಕೈಯಿಟ್ಟರು. "ನಿನ್ನ ಕೆಲ್ಸ ಕಾಯಂ ಆಯ್ತಮ್ಮ. ಇಷ್ಟು ಜನರಲ್ಲಿ ಒಂದು ತಪ್ಪೂ ಮಾಡ್ದೆ ಇರೋಳು ನೀನೊಬ್ಳೇ."

ಬೆಳಿಗ್ಗೆಯಿಂದ ಅವಳಿಗೆ ಬಾಯಿ ತೆರೆಯಲು ಬಿಡದವರೆಲ್ಲ ಈಗ ಮಾತಾಡಲು ಬೇಕಾದಷ್ಟು ಜಾಗ ಬಿಟ್ಟಿದ್ದರು.

"ಆ ಕೊಳವೆ ನಂದೇ, ಮೇಡಂ" ಎಂದಳು.