ಸಪ್ಪಳ ಮಾಡದ ಗಾಡಿಯ ಪೂಜೆ

ಕಾರಿನ ವಿಷಯದಲ್ಲಿ ನನ್ನಷ್ಟು ವಿಚಾರವಂತ ಇಡೀ ಜಹೀರಾಬಾದಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಪುಟ್ಟ ಹೈಬ್ರಿಡ್ ಕಾರಿನ ಮಹಿಮೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಕೊರೆದಿದ್ದೆನೆಂದರೆ, ನಾನು ಒಳಗೆ ಬಂದ ಕೂಡಲೇ ಉಳಿದವರು ಪೀರಿಯಡ್ ಇಲ್ಲದಿದ್ದರೂ ಕ್ಲಾಸಿಗೆ ಓಡುತ್ತಿದ್ದರು. ನಿಧಾನ ಹೋದರೆ ಬ್ಯಾಟರಿ, ಜೋರು ಹೋದರೆ ಪೆಟ್ರೋಲ್! ಚಾರ್ಜಿಗೆ ಹಾಕುವ ಗೋಜಿಲ್ಲ, ಬ್ರೇಕ್ ಒತ್ತಿದಾಗ ತಾನೇ ತುಂಬಿಕೊಳ್ಳುತ್ತದೆ! ಹೊಸದು ಮಾಸ್ತರನ ಸಂಬಳಕ್ಕೆ ಎಟುಕುವಂಥದ್ದಲ್ಲ. ಹೈದರಾಬಾದಿನಲ್ಲಿ ಯಾರೋ ಓಡಿಸಿ ಬಿಟ್ಟ ಪುಟ್ಟದೊಂದು ಸಿಕ್ಕಿತು. ಅದಕ್ಕೇ ನನ್ನ ಹೆಂಡತಿ ಮಹಾದೇವಿಯ ಕೈಯ ಬಂಗಾರದ ಪಾಟ್ಲಿ ಹೋದವು.

ಅವಳು ಪಾಟ್ಲಿ ಬಿಚ್ಚಿ ಕೊಟ್ಟದ್ದು ನನ್ನ ವಿಜ್ಞಾನಕ್ಕೆ ಮರುಳಾಗಿ ಅಲ್ಲ, ತಾಯಿಯ ಕಣ್ಣಿಗಾಗಿ. ನಮ್ಮತ್ತೆ ಗುರಮ್ಮ ನಾರಾಯಣಖೇಡದಲ್ಲಿರುತ್ತಾರೆ. ಎರಡೂ ಕಣ್ಣಿಗೆ ಪೊರೆ ಬಂದು ಹಗಲೂ ಮಬ್ಬಾಗಿತ್ತು. ಜಹೀರಾಬಾದಿಗೆ ಬಂದು ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಒಂದೇ ಹಟ: "ಕಣ್ಣ ಕೊಯ್ಸಿಕೊಂಡು ಬಸ್ಸಿನ್ಯಾಗ ಕುಂದ್ರಾಂಗಿಲ್ಲವಾ. ನಿಮ್ಮ ಮನಿ ಗಾಡಿ ಬರಲಿ, ಆವಾಗ ಬರ್ತೀನಿ."

ಗಾಡಿ ಬಂತು. ಆಪರೇಷನ್ನಿನ ದಿನವೇ, ಅತ್ತೆಯ ಮನೆ ಮುಂದೆಯೇ ಅದರ ಪೂಜೆ ಎಂದು ನಿಶ್ಚಯವಾಯಿತು. "ಪೂಜಿ ಆಗೂತನಕ ನೀವು ಸ್ಟೇರಿಂಗ್ ಮುಟ್ಟಬ್ಯಾಡ್ರಿ," ಎಂದು ಮಹಾದೇವಿ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಮಾರಿದವರ ಡ್ರೈವರೇ ನಾರಾಯಣಖೇಡಕ್ಕೆ ತಂದುಬಿಟ್ಟ. ಕೀಲಿ ಕೊಡುತ್ತ, "ಸಾಬ್, ಈ ಗಾಡಿ ಜರಾ ಅಲಗ್ ಅದ, ಬ್ಯಾರೆ ಗಾಡಿಯಂಗಲ್ಲ. ಐದು ಮಿನಿಟ್ ಹೇಳಿಕೊಡ್ತೀನ್ರಿ," ಎಂದ.

"ನಾ ಸೈನ್ಸ್ ಮಾಸ್ತರ್ ಇದ್ದೀನಪ್ಪ. ನಿನ್ನ ಬಸ್ ತಪ್ಪೀತು, ಹೋಗು," ಎಂದೆ.

ಆತ ಹೋದ. ಅದೊಂದು ಬಸ್ ತಪ್ಪಬೇಕಿತ್ತು ನೋಡಿ!

ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಕಟ್ಟೆಯ ಮೇಲೆ ಸಿದ್ಧವಾಗಿ ಕೂತಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ವಿಭೂತಿ, ಚೆಂಡುಹೂವಿನ ಮಾಲೆ. ಪೂಜೆಗೆ ಬಂದ ಐನೋರು ತೆಂಗಿನಕಾಯಿ ಎತ್ತಿ ಹಿಡಿದು ಹೇಳಿದರು: "ಸುರು ಮಾಡ್ರಿ ಮಾಸ್ತರ್. ಎಂಜಿನ್ ಸಪ್ಪಳ ಕೇಳಿದ ಮ್ಯಾಲನ ಕಾಯಿ ಒಡಿಯೂದು. ಅದು ನಮ್ಮ ಪದ್ಧತಿ."

ಬ್ರೇಕ್ ಒತ್ತಿ ಬಟನ್ ಒತ್ತಿದೆ. ಏನೋ ಹಸಿರು ದೀಪ ಹತ್ತಿತು. ಸಪ್ಪಳವಿಲ್ಲ. ಮತ್ತೆ ಒತ್ತಿದೆ, ದೀಪ ಆರಿತು. ಮತ್ತೆ ಒತ್ತಿದೆ, ಹತ್ತಿತು. ಸಪ್ಪಳ ಮಾತ್ರ ಇಲ್ಲವೇ ಇಲ್ಲ! ನಿಂತಲ್ಲಿ ಅದು ಬ್ಯಾಟರಿಯ ಮೇಲೆ ಮೌನವಾಗಿ ಚಾಲೂ ಆಗಿರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಊರಿಗೆಲ್ಲ ಉಪದೇಶ ಮಾಡಿದವನು ನಾನೇ. ಐನೋರು ಎತ್ತಿದ ಕೈ ಇಳಿಸದೆ ನೋಡುತ್ತಿದ್ದಾಗ ಆ ವಿಜ್ಞಾನವೆಲ್ಲ ಎಲ್ಲಿಗೆ ಹೋಯಿತೋ ಶಿವನೇ ಬಲ್ಲ.

"ಬ್ಯಾಟರಿ ಡೌನ್ ಆಗ್ಯಾದ," ಎಂದು ಗಂಭೀರವಾಗಿ ಘೋಷಿಸಿದೆ. "ನಾಲ್ಕು ಮಂದಿ ದಬ್ಬರಿ."

ನಾನು ಗಾಡಿ ಕಲಿತದ್ದು ಗೆಳೆಯನ ಹಳೇ ಡೀಸೆಲ್ ಜೀಪಿನಲ್ಲಿ. ಅದನ್ನು ದಬ್ಬಿ, ಗೇರಿಗೆ ಹಾಕಿ, ಎಕ್ಸಿಲರೇಟರ್ ತುಳಿದರೆ ಎದ್ದೇಳುತ್ತಿತ್ತು. ಇಲ್ಲೂ ಗೇರಿನ ಹಿಡಿಕೆಯನ್ನು 'D'ಗೆ ಎಳೆದು ಬ್ರೇಕ್ ಬಿಟ್ಟೆ. ಓಣಿಯವರು ದಬ್ಬಿದರು. ಗಾಡಿ ಹೂವಿನ ಹಾಗೆ ಹೊರಟಿತು. ಎಲ್ಲ ತಮ್ಮ ರಟ್ಟೆಯ ಬಲವೆಂದು ಅವರು ಹಿಗ್ಗಿದರು.

"ಈಗ ತುಳೀರಿ ಮಾಸ್ತರ್!" ಎಂದು ಯಾರೋ ಕೂಗಿದರು.

ತುಳಿದೆ.

ದಬ್ಬುತ್ತಿದ್ದವರು ಮಣ್ಣಿಗೆ ಮುಖ ಕೊಟ್ಟು ಬಿದ್ದರು. ನಾನು ಬಾಣದಂತೆ ಹೋಗಿ ಅತ್ತೆಯ ಕಾಂಪೌಂಡ್ ಗೋಡೆಗೆ ಹಾಯ್ದೆ. ಗೋಡೆ ಬಿತ್ತು. ಮಾಲೆ ಹರಿಯಿತು. ಆಗ, ಎಲ್ಲ ಮುಗಿದ ಮೇಲೆ, ಎಂಜಿನ್ನು ಗುರ್ರ್ ಎಂದಿತು!

ಐನೋರು ಪದ್ಧತಿ ಬಿಡುವವರಲ್ಲ. ಕಾಯಿ ಒಡೆದರು.

ಕಟ್ಟೆಯ ಮೇಲಿಂದ ಅತ್ತೆ, "ಏನು ಬಿತ್ತವಾ ಅದು?" ಎಂದರು. ನಾನೇ ಕೆಳಗಿಳಿದು, ಬಸ್ಸಿಗಾದರೂ ಹೋಗೋಣ, ಬಾಡಿಗೆ ಜೀಪಾದರೂ ತರುತ್ತೇನೆ, ಡಾಕ್ಟರು ಕಾಯುತ್ತಾರೆ ಎಂದು ಅಂಗಲಾಚಿದೆ.

"ನಾ ಒಲ್ಲೆರಿ," ಎಂದರು ಅತ್ತೆ, ಕೈಚೀಲ ಪಕ್ಕಕ್ಕಿಟ್ಟು. "ಶಕುನ ಆತಲ್ಲ. ಎರಡೂ ಕಣ್ಣ ಛಲೋ ಇದ್ದವರು ನೀವು. ನನಗ ಕಾಣಾಂಗಿಲ್ಲ ಖರೆ, ಆದ್ರ ಆ ಗ್ವಾಡಿಗೆ ನಾ ಒಮ್ಮಿನೂ ಹಾಯ್ದಿಲ್ಲ."

ನಗಬೇಕಾದ ಮಾತು. ಯಾರೂ ನಗಲಿಲ್ಲ. ಮಗಳು ಹೇಳಿದಳು, ಐನೋರೂ ಹೇಳಿದರು, ಅವರು ಕಟ್ಟೆ ಬಿಟ್ಟು ಏಳಲಿಲ್ಲ. ಮಹಾದೇವಿ ಬರಿಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು.

ಊರ ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ, ಹಾವು ಕಂಡವನಂತೆ ಮುಚ್ಚಿ, "ಇದು ನಮ್ಮ ಕೈಲಿ ಆಗಾಂಗಿಲ್ಲ ಸಾಬ್," ಎಂದ. ಗಾಡಿ ಈಗ ಹೈದರಾಬಾದಿನ ಶೆಡ್ಡಿನಲ್ಲಿ ಯಾವುದೋ ಬಿಡಿಭಾಗಕ್ಕಾಗಿ ಕಾಯುತ್ತಿದೆ. ಪೆಟ್ರೋಲ್ ಒಂದು ಹನಿ ಕುಡಿಯುತ್ತಿಲ್ಲ. ಇಷ್ಟೊಂದು ಉಳಿತಾಯವನ್ನು ನಾನೂ ನಿರೀಕ್ಷಿಸಿರಲಿಲ್ಲ!

ರಜೆಯ ದಿನ ನಾವಿಬ್ಬರೂ ಬಸ್ಸಿನಲ್ಲಿ ನಾರಾಯಣಖೇಡಕ್ಕೆ ಹೋಗಿ ಅತ್ತೆಯ ಮನಸ್ಸು ತಿರುಗಿಸಲು ನೋಡುತ್ತೇವೆ. ಹೋದ ಸಲ ಅವರು ಕಾಂಪೌಂಡ್ ಗೋಡೆ ಸವರುತ್ತ ಬಚ್ಚಲ ಕಡೆ ಹೊರಟಿದ್ದರು. ನಾನು ಕೆಡವಿದ ಜಾಗಕ್ಕೆ ಬಂದಾಗ ಹಿಡಿಯಲು ಏನೂ ಸಿಗದೆ ನಿಂತುಬಿಟ್ಟರು. ಓಡಿಹೋಗಿ ಕೈ ಕೊಟ್ಟೆ. ಗಟ್ಟಿಯಾಗಿ ಹಿಡಿದುಕೊಂಡರು.

"ಯಾರು?" ಎಂದರು.

"ನಾನೇರಿ ಅತ್ತಿ."

ಮೆಲ್ಲಗೆ ಕೈ ಬಿಡಿಸಿಕೊಂಡರು.

"ಬ್ಯಾಡ್ರಿ. ಮಾದೇವಿ ಬರೂತನಕ ನಾ ಇಲ್ಲೇ ನಿಂತಿರ್ತೀನಿ."