ಲಾಳಕ್ಕೆ ತಕ್ಕ ಕಬ್ಬಿಣ

ಮಳೆ ಹಿಂದೆಗೆದಿತ್ತು, ಚಳಿ ಇನ್ನೂ ಕಾಲೂರಿರಲಿಲ್ಲ. ಬೆಳಗಿನ ಹೊತ್ತು ಕುಲುಮೆಯ ಮುಂದೆ ಕೂರುವುದೇ ಒಂದು ಸುಖ ಅನ್ನಿಸುವ ದಿನಗಳು. ಕಮ್ಮಾರ ತಿದಿ ಒತ್ತಿ ಇದ್ದಿಲಿಗೆ ಕೆಂಪು ಬರಿಸುತ್ತಿದ್ದಾಗ, ಗಾಡಿತಾತ ತನ್ನ ಕಂದು ಕುದುರೆಯನ್ನು ನಡೆಸಿಕೊಂಡು ಬಂದು ಬಾಗಿಲ ಕಂಬಕ್ಕೆ ಕಟ್ಟಿದ.

"ನಾಲ್ಕೂ ಕಾಲಿನ ಲಾಳ ಸವೆದುಹೋಗಿದೆ ಕಣಪ್ಪ. ಸಂಜೆಯೊಳಗೆ ಹೊಸದು ಹೊಡೆದುಬಿಡು. ನಿಮ್ಮಪ್ಪ ಹೊಡೀತಿದ್ನಲ್ಲ, ಅಂಥದ್ದು."

ಊರಿನಲ್ಲಿ ಉಳಿದಿದ್ದ ಒಂದೇ ಕುದುರೆ ಅದು. ಅಪ್ಪನ ಕಾಲದಲ್ಲಿ ಇದೇ ಬಾಗಿಲಲ್ಲಿ ಕುದುರೆಗಳು ಸಾಲಾಗಿ ನಿಂತು, ಬಾಲ ಬೀಸಿ ಒಂದು ಇನ್ನೊಂದರ ನೊಣ ಓಡಿಸುತ್ತಿದ್ದವು. ಈಗ ಬರುವುದೆಲ್ಲ ಮುರಿದ ಕೊಂಡಿ, ಮೊಂಡು ಕತ್ತಿ. ಇದೊಂದು ಕುದುರೆಯೂ ಬರುವುದು ನಿಂತರೆ, ತಾನು ಲಾಳ ಹೊಡೆಯುವವನ ಮಗ ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಲಾಳ ಚೆನ್ನಾಗಿ ಕೂತರೆ ತಾತ ಬೇರೆ ಕಡೆ ಮುಖ ಮಾಡುವುದಿಲ್ಲ, ಕುದುರೆ ಮತ್ತೆ ಮತ್ತೆ ತನ್ನ ಬಾಗಿಲಿಗೇ ಬರುತ್ತದೆ ಎಂಬುದು ಕಮ್ಮಾರನ ಲೆಕ್ಕಾಚಾರ.

ತಾತ ಹೋದ ಮೇಲೆ ಮೂಲೆಗೆ ಕೈ ಹಾಕಿದ. ಲಾಳಕ್ಕೆಂದೇ ಎತ್ತಿಟ್ಟಿದ್ದ ಕಬ್ಬಿಣದ ಪಟ್ಟಿ ಇರಲಿಲ್ಲ. ಎದುರುಮನೆ ದರ್ಜಿ ಪ್ರಾಣ ತಿಂದನೆಂದು ಅದನ್ನೇ ಕಡಿದು ಅವನ ಗೇಟಿಗೆ ಅಗುಳಿ ಮಾಡಿಕೊಟ್ಟಿದ್ದು ಆಗ ನೆನಪಾಯಿತು.

ಕಬ್ಬಿಣದಂಗಡಿಗೆ ಓಡಿದ. ಅಲ್ಲಿ ಕಟ್ಟಡದ ಕಂಬಿ, ನೀರಿನ ಪೈಪು ಬಿಟ್ಟರೆ ಏನೂ ಇಲ್ಲ. "ಪಟ್ಟಿನಾ? ತರಿಸಬೇಕು, ಮುಂದಿನ ವಾರ ಬಾ" ಅಂದರು. ಅವನು ಬರಿಗೈಯಲ್ಲಿ ಹಿಂದಿರುಗುವಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು.

ಮೊದಲು ಬಂದವನು ಪಕ್ಕದ ಅಂಗಡಿಯ ಕ್ಷೌರದವನು. ಅವನ ಹೆಗಲ ಮೇಲೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ.

"ಉಕ್ಕು ಕಣಣ್ಣ ಇದು! ಲಾರಿಯನ್ನೇ ಹೊತ್ತಿದೆ, ನಿನ್ನ ಕುದುರೆ ಯಾವ ಮಹಾ!"

"ಇದು ಗಟ್ಟಿ ಜಾಸ್ತಿ ಕಣಯ್ಯ. ಲಾಳಕ್ಕೆ ಮೆದು ಉಕ್ಕು ಬೇಕು. ಇದನ್ನ ಹೊಡೆದ್ರೆ ಕುದುರೆ ರಸ್ತೆ ಮೇಲೆ ಸೋಪು ತುಳಿದ ಹಾಗೆ ಜಾರುತ್ತೆ."

"ಕಾಯಿಸಿ ನೋಡದೇನೇ ಹೇಳ್ತೀಯಲ್ಲ! ನಾನೇನಾದ್ರೂ ಕೂದಲು ಮುಟ್ಟದೆ ಕತ್ತರಿ ಹಾಕ್ತೀನಾ?"

ಅವನ ಬಾಯಿ ಮುಚ್ಚಿಸಲೆಂದೇ ಕಮ್ಮಾರ ಅದನ್ನು ಕಾಯಿಸಿ, ಬಗ್ಗಿಸಿ, ನೀರಿಗದ್ದಿ, ಅಡೆಗಲ್ಲಿನ ಮೇಲಿಟ್ಟು ಒಂದೇಟು ಹಾಕಿದ. ಟಣ್ಣೆಂದು ಎರಡಾಯಿತು. ಒಂದು ತುಂಡು ಹಾರಿ ಪಕ್ಕದ ಅಂಗಡಿಯೊಳಗೆ ಹೋಯಿತು. ಹಿಂದೆಯೇ ಕನ್ನಡಿ ಒಡೆದ ಸದ್ದು.

"ಈಗ ನಂಬಿಕೆ ಬಂತಾ?" ಅಂದ ಕಮ್ಮಾರ. ಕ್ಷೌರದವನು ಆಗಲೇ ಓಡಿದ್ದ.

ಆಮೇಲೆ ದರ್ಜಿ ಬಂದ, ಎರಡು ಉದ್ದನೆಯ ಪಟ್ಟಿ ಎಳೆದುಕೊಂಡು. "ತಪ್ಪೆಲ್ಲ ನಂದೇ ಅಲ್ವಾ ಅಣ್ಣ. ಮಂಚದ್ದು, ತಗೋ."

ಕಮ್ಮಾರ ಅರ ಹಾಕಿ ಉಜ್ಜಿ ನೋಡಿದ. "ಮೆದುವೇನೋ ಇದೆ. ಆದ್ರೆ ತೆಳು. ಕುದುರೆಗೆ ಚಪ್ಪಲಿ ಹೊಲೀತಾ ಇಲ್ಲ ನಾನು."

ಅಷ್ಟರಲ್ಲಿ ದರ್ಜಿಯ ಅತ್ತೆ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡೇ ಬಂದರು. "ನಾನು ಸ್ನಾನ ಮಾಡಿ ಬರೋದ್ರೊಳಗೆ ಮಂಚ ಬಿಚ್ಚಿದ್ದೀರಲ್ಲ ಅಳಿಯಂದಿರೇ! ನಾನು ಊರಿಗೆ ಹೋಗ್ಲಿ ಅಂತ ಬಾಯಲ್ಲೇ ಹೇಳಬಹುದಿತ್ತಲ್ಲ?"

ಮಂಚ ಜೋಡಿಸುವ ಕೆಲಸವೂ ಕಮ್ಮಾರನ ತಲೆಗೇ ಬಂತು. ಅತ್ತೆ ಮೂರು ಸಲ ಮಲಗಿ, ಮೂರು ಸಲವೂ "ಕಿರ್ ಅಂತಿದೆ" ಅಂದು ಎದ್ದರು.

ಹೊತ್ತು ವಾಲಿತ್ತು. ಕೊನೆಯ ಆಸೆಯೆಂದು ಗುಜರಿಯವನ ಹತ್ತಿರ ಹೋದ. ರಾಶಿಯನ್ನೆಲ್ಲ ಕೆದಕಿದ, ಏನೂ ಸಿಗಲಿಲ್ಲ. ಹೊರಡುವಾಗ, ವಾಲಿದ ತಗಡಿನ ಗೇಟಿಗೆ ಊರುಗೋಲಾಗಿ ನಿಂತಿದ್ದ ಹಳೇ ಗಾಡಿಚಕ್ರದ ಕಬ್ಬಿಣದ ಬಳೆಗೆ ಸುಮ್ಮನೆ ಸುತ್ತಿಗೆ ತಾಕಿಸಿದ. ತುಂಬಿದ ಕೊಡಕ್ಕೆ ಬೆರಳು ಬಡಿದಂಥ ದನಿ. ಅರ ಹಿತವಾಗಿ ಕಚ್ಚಿತು. ಗುಜರಿಯವನ ಸಾಣೆ ತಿರುಗಿಸಿ ಅಂಚು ಹಿಡಿದ. ಕಿಡಿಗಳು ಸಿಡಿದು ಕವಲೊಡೆಯದೆ ನೀಳವಾಗಿ, ನೇರವಾಗಿ ಹರಿದವು. "ಕಿಡಿ ಹೂವಾದ್ರೆ ಬೇಡ, ಗೆರೆಯಾದ್ರೆ ತಗೋ" ಎನ್ನುತ್ತಿದ್ದ ಅಪ್ಪ. ಕಮ್ಮಾರ ಒಂದು ಗಳಿಗೆ ಅಪ್ಪನ ಬೆನ್ನ ಹಿಂದೆ ನಿಂತಂತೆ ನಿಂತುಬಿಟ್ಟ.

"ಅದನ್ನ ತೆಗೆದ್ರೆ ಗೇಟು ಬೀಳುತ್ತೆ" ಅಂದ ಗುಜರಿಯವನು.

"ಗೇಟು ನಾನು ನಿಲ್ಲಿಸಿಕೊಡ್ತೀನಿ."

ನಿಲ್ಲಿಸಿದ. ಬಳೆಯನ್ನು ಹೊರಲು ಹೋದರೆ ಸೊಂಟ ಹಿಡಿಯಿತು, ಉರುಳಿಸಿದ. ಉರುಳಿಸುತ್ತ ನಡೆದವನು ಇಳಿಜಾರಿನಲ್ಲಿ ಓಡತೊಡಗಿದ. ಚಿಕ್ಕವನಿದ್ದಾಗ ಇದೇ ಬೀದಿಯಲ್ಲಿ ಹೀಗೇ ಚಕ್ರದ ಹಿಂದೆ ಓಡಿ ಅಪ್ಪನಿಂದ ಬೈಸಿಕೊಂಡಿದ್ದ. ಒಡೆದ ಕನ್ನಡಿಯ ಚೂರು ಗುಡಿಸುತ್ತಿದ್ದ ಕ್ಷೌರದವನು ತಲೆಯೆತ್ತಿ ಕೇಳಿದ: "ವಯಸ್ಸೆಷ್ಟಪ್ಪ ನಿಂಗೆ?"

ಬಳೆಯನ್ನು ಕಡಿದ, ಕಾಯಿಸಿ ಉದ್ದಕ್ಕೆ ಸೀಳಿದ, ಬಗ್ಗಿಸಿದ. ಕಬ್ಬಿಣ ಹೇಳಿದ ಮಾತು ಕೇಳಿತು. ಬಿಸಿ ಲಾಳ ಗೊರಸಿಗೆ ಒತ್ತಿದಾಗ ಆ ಸುಟ್ಟ ವಾಸನೆ ಎದ್ದಿತು. ಅವನ ಬಾಲ್ಯವೆಲ್ಲ ಆ ಹೊಗೆಯಲ್ಲೇ ಇತ್ತು. ಕುದುರೆ ಅವನ ಬೆನ್ನ ಮೇಲೆ ಬೆಚ್ಚಗೆ ಉಸಿರು ಬಿಟ್ಟುಕೊಂಡು ಕಾಲು ಕೊಟ್ಟಿತು.

ಮುಸ್ಸಂಜೆಗೆ ತಾತ ಬಂದ. ಒಂದೊಂದೇ ಕಾಲೆತ್ತಿ, ಬೆರಳಾಡಿಸಿ ನೋಡಿದ.

"ಥೇಟ್ ನಿಮ್ಮಪ್ಪಂದೇ ಕಣೋ! ಸದ್ಯ, ನನ್ನ ಚಿಂತೆ ಕಳೀತು. ಮಗಳು ಬಾ ಬಾ ಅಂತ ಎಷ್ಟು ವರ್ಷದಿಂದ ಕರೀತಿದ್ದಾಳೆ. ಬೆಟ್ಟದಾಚೆ, ಕಲ್ಲುದಾರಿ. ಲಾಳ ತಡೆಯಲ್ಲ ಅಂತಾನೇ ಹೊರಟಿರಲಿಲ್ಲ. ಇವು ತಡೀತಾವೆ. ಬೆಳಗಾಗ್ತಿದ್ದ ಹಾಗೇ ಹೊರಟುಬಿಡ್ತೀನಿ."

"ವಾಪಸ್ಸು?" ಕಮ್ಮಾರ ಕೇಳಿದ.

"ವಾಪಸ್ಸು ಏನಕ್ಕೆ?" ತಾತ ಕುದುರೆಯ ಕುತ್ತಿಗೆ ತಟ್ಟಿದ. "ನಾನೂ ಇವಳೂ ಇನ್ನು ಅಲ್ಲೇ."

ನೋಡಲು ಬಂದಿದ್ದ ಕ್ಷೌರದವನು ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ, ಒಂಚೂರು ಕೆಟ್ಟದಾಗಿ ಮಾಡೋಕೇನಾಗಿತ್ತು ನಿಂಗೆ!"

ತಾತ ಸೊಂಟದ ಚೀಲ ಬಿಚ್ಚತೊಡಗಿದ. ಕಮ್ಮಾರ ಅವನ ಕೈ ಹಿಡಿದ.

"ಈಗ ಬೇಡ ತಾತ. ಲಾಳ ಸವೆದ ಮೇಲೆ ಇವಳನ್ನ ಕರ್ಕೊಂಡು ಬಂದು ಕೊಡು."

"ಬಾಕಿ ಇಟ್ಕೊಂಡು ಹೋಗು ಅಂತೀಯಾ?"

"ಹೂಂ. ಬಾಕಿ ಇದ್ರೆ ಬರ್ತೀಯ."

ತಾತ ನಕ್ಕು, ಚೀಲ ಮತ್ತೆ ಕಟ್ಟಿಕೊಂಡು, ಕುದುರೆಯ ಹಗ್ಗ ಬಿಚ್ಚಿದ. ಒಳಗಿಂದ ಕಮ್ಮಾರನ ಹೆಂಡತಿ ಕೂಗಿದಳು: "ಕೂಲಿ ಕೊಟ್ರಾ?"

ಕಮ್ಮಾರ ಬೀದಿಯ ಕಡೆಗೇ ಕಿವಿಯಿಟ್ಟಿದ್ದ. ಕುದುರೆ ತಿರುವು ದಾಟಿ ಮರೆಯಾದ ಮೇಲೂ ಲಾಳದ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಅಷ್ಟು ಒಳ್ಳೆಯ ಕಬ್ಬಿಣ.